ಎರಡು ಹೊಳೆನರಸೀಪುರ

ಹಾಸನದ ಬಸ್ ಸ್ಟ್ಯಾಂಡ್ ಹತ್ತಿರ ನಮ್ಮ ಸೋದರಮಾವನದೊಂದು ಪಾರ್ಸೆಲ್ ಅಂಗಡಿ ಇದೆ. ಬೆಂಗಳೂರಿನಿಂದ ಬರೋ ಪೊಟ್ಟಣಗಳು ಅಲ್ಲಿ ಇಳಿಯುತ್ತವೆ. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಕಡೆಯವರು ಕೋರ್ಟು, ಆಸ್ಪತ್ರೆ, ಮದುವೆ ಜವಳಿ ಅಂತ ಹಾಸನಕ್ಕೆ ಬಂದಾಗ ತಗೊಂಡು ಹೋಗ್ತಾರೆ. ಹೋದ ವರ್ಷ ಆ ಅಂಗಡಿಗೆ ನಾನೇ ಒಂದು ಪುಟ್ಟ ಪ್ರೋಗ್ರಾಂ ಬರೆದುಕೊಟ್ಟಿದ್ದೆ. ಊರಿನ ಹೆಸರು ಮತ್ತು ಮೊಬೈಲಿನ ಕೊನೆಯ ನಾಲ್ಕು ಅಂಕಿ ಹೊಡೆದರೆ ಸಾಕು, ಪಾರ್ಸೆಲ್ ಬಂದಿದೆಯೋ ಇಲ್ಲವೋ ಹೇಳುತ್ತೆ.

ಒಂದು ಶುಕ್ರವಾರ ರಾತ್ರಿ ಮಾವ ಫೋನ್ ಮಾಡಿದ್ರು.

“ಅಳಿಯ, ಹೊಳೆನರಸೀಪುರದಿಂದ ಒಬ್ರು ಯಜಮಾನ್ರು ಹೆಂಡ್ತಿ ಬಿ.ಪಿ. ಮಾತ್ರೆಗೆ ಅಂತ ಬಂದಿದ್ರು. ನಿನ್ನ ಕಂಪ್ಯೂಟ್ರು ಇಲ್ಲ ಅಂತು. ನಾನೂ ಇಲ್ಲ ಅಂದೆ. ಪಾಪ, ಬರಿಗೈಲಿ ಬಸ್ ಹತ್ತಿದ್ರು. ಈಗ ಬಾಗ್ಲು ಹಾಕೋ ಹೊತ್ಗೆ ನೋಡ್ತೀನಿ, ಪೊಟ್ಣ ಗೂಡಲ್ಲೇ ಕೂತೈತೆ.”

ಮಾತ್ರೆ ಮರುದಿನ ಬೆಳಗಿನ ಮೊದಲ ಬಸ್ಸಿನಲ್ಲಿ ಹೋಯ್ತು, ಯಾರಿಗೂ ಏನೂ ಆಗಲಿಲ್ಲ. ಆದ್ರೆ ನನಗೆ ನಿದ್ದೆ ಬರಲಿಲ್ಲ. ಕಂಪ್ಯೂಟರ್ ಇಲ್ಲದ ಕಾಲದಲ್ಲಾಗಿದ್ದರೆ ಮಾವ ಗೂಡಿಗೆ ಕೈ ಹಾಕಿ ನೋಡಿರುತ್ತಿದ್ದರು. ನನ್ನ ಪ್ರೋಗ್ರಾಂ ನಂಬಿದ್ದಕ್ಕೇ ಅವರು “ಇಲ್ಲ” ಅಂದಿದ್ದು.

ಮಾವನ ಹತ್ತು ಗೂಡು

ಆ ಪ್ರೋಗ್ರಾಮಿನ ಹೊಟ್ಟೆಯಲ್ಲಿ ಇದ್ದದ್ದು ಹ್ಯಾಶ್ ಟೇಬಲ್. ಇಂಟರ್‌ವ್ಯೂಗೆ ಅಂತ ನಾವೆಲ್ಲ ಉರುಹೊಡೆದ ವಿಷಯ. ಮಾವ ಅದನ್ನ ಹೆಸರು ಗೊತ್ತಿಲ್ಲದೆಯೇ ಇಪ್ಪತ್ತು ವರ್ಷದಿಂದ ಬಳಸುತ್ತಿದ್ದಾರೆ.

ಅಂಗಡಿಯ ಗೋಡೆಗೆ ಮರದ ಹತ್ತು ಗೂಡುಗಳಿವೆ. ಶುರುವಿನಲ್ಲಿ ಮಾವ ಹೆಸರಿನ ಮೊದಲ ಅಕ್ಷರ ನೋಡಿ ಇಡುತ್ತಿದ್ದರಂತೆ. ನಮ್ಮ ಕಡೆ ಗೊತ್ತಲ್ಲ, ಬಸ್ ಸ್ಟ್ಯಾಂಡಲ್ಲಿ “ಮಂಜಣ್ಣ” ಅಂತ ಕೂಗಿದರೆ ಹತ್ತು ಜನ ತಿರುಗಿ ನೋಡ್ತಾರೆ. ‘ಮ’ ಗೂಡು ತುಂಬಿ ಚೆಲ್ಲುತ್ತಿತ್ತು, ಪಕ್ಕದ್ದು ಖಾಲಿ. ಆಮೇಲೆ ಮೊಬೈಲಿನ ಕೊನೆಯ ಅಂಕಿ ನೋಡಿ ಇಡೋಕೆ ಶುರು ಮಾಡಿದರು. ಪೊಟ್ಟಣಗಳು ಹತ್ತೂ ಗೂಡಿಗೆ ಹೆಚ್ಚುಕಮ್ಮಿ ಸಮನಾಗಿ ಹಂಚಿಹೋದವು. ಕೊನೆಯ ಅಂಕಿ 7 ಅಂದರೆ 7ನೇ ಗೂಡು. ಉಳಿದ ಒಂಬತ್ತನ್ನು ನೋಡೋದೇ ಬೇಡ.

ಹ್ಯಾಶ್ ಟೇಬಲ್ ಅಂದ್ರೆ ಇಷ್ಟೇ. ಹುಡುಕೋ ಪದದಿಂದ, ಅಂದರೆ ಕೀಯಿಂದ, ಒಂದು ಸಂಖ್ಯೆ ತೆಗಿ. ಆ ಸಂಖ್ಯೆ ಯಾವ ಗೂಡು ತೋರಿಸುತ್ತೋ ಅಲ್ಲಿ ಮಾತ್ರ ನೋಡು. 1953ರಲ್ಲಿ ಐಬಿಎಂನ ಹಾನ್ಸ್ ಪೀಟರ್ ಲೂನ್ ಈ ಉಪಾಯವನ್ನ ಕಂಪನಿಯೊಳಗಿನ ಒಂದು ಟಿಪ್ಪಣಿಯಲ್ಲಿ ಬರೆದಿಟ್ಟಿದ್ದರು.

ಎರಡು ಕೀ ಒಂದೇ ಗೂಡಿಗೆ ಬೀಳೋದು ತಪ್ಪಲ್ಲ, ಸಹಜ. 23 ಜನ ಒಂದು ಕೋಣೆಯಲ್ಲಿದ್ದರೆ ಅವರಲ್ಲಿ ಇಬ್ಬರ ಹುಟ್ಟುಹಬ್ಬ ಒಂದೇ ದಿನ ಇರೋ ಸಾಧ್ಯತೆ ಅರ್ಧಕ್ಕಿಂತ ಹೆಚ್ಚು ಅಂತಾರಲ್ಲ, ಅದೇ ಲೆಕ್ಕ ಇಲ್ಲೂ. ಹಾಗಾಗಿ ನಾನು ಪ್ರತಿ ಗೂಡಿಗೂ ಒಂದು ಸರಪಳಿ ಇಟ್ಟೆ. ಒಂದೇ ಗೂಡಿಗೆ ಬಂದವೆಲ್ಲ ಒಂದಕ್ಕೊಂದು ಕೊಂಡಿ ಹಾಕಿಕೊಂಡು ನಿಲ್ಲುತ್ತವೆ.

ಇನ್ನೊಂದು ದಾರಿಯಲ್ಲಿ ಸರಪಳಿಯಿಲ್ಲ. ಗೂಡು ತುಂಬಿದ್ದರೆ ಪಕ್ಕದ ಗೂಡಲ್ಲಿ ಇಡೋದು. ಅದು ವೇಗ ಜಾಸ್ತಿ, ಆದರೆ ತೆಗೆಯುವಾಗ ತಲೆನೋವು. ತೆಗೆದ ಜಾಗವನ್ನ ಬರೀ ಖಾಲಿ ಬಿಟ್ಟರೆ ಮುಂದಿನ ಹುಡುಕಾಟ ಆ ಖಾಲಿ ನೋಡಿ ಅಲ್ಲೇ ನಿಂತುಬಿಡುತ್ತೆ, ಆಚೆ ಇರೋದು ಕಾಣೋದೇ ಇಲ್ಲ. “ಇಲ್ಲಿ ಮೊದಲು ಏನೋ ಇತ್ತು” ಅಂತ ಗುರುತು ಬಿಡಬೇಕು. ಪಾರ್ಸೆಲ್ ಅಂಗಡಿಯಲ್ಲಿ ಇಟ್ಟಷ್ಟೇ ಸಲ ತೆಗೆಯೋದೂ ಇರುತ್ತೆ, ಅದಕ್ಕೆ ಸರಪಳಿಯೇ ಸಾಕು ಅಂದುಕೊಂಡೆ.

ಶುರುವಿಗೆ 16 ಗೂಡು. 12 ತುಂಬಿದ ಮೇಲೆ, ಅಂದರೆ ಮುಕ್ಕಾಲು ಪಾಲು ಆದ ಮೇಲೆ, 32 ಮಾಡಿ ಎಲ್ಲವನ್ನೂ ಹೊಸದಾಗಿ ಹಂಚೋದು. ಹಂಚೋ ದಿನ ಕೆಲಸ ಜಾಸ್ತಿ, ಆದರೆ ಪ್ರತಿ ಸಲ ದುಪ್ಪಟ್ಟು ಮಾಡುವುದರಿಂದ ಆ ದಿನ ಅಪರೂಪಕ್ಕೆ ಬರುತ್ತೆ.

ಕಟ್ಟಿದ ಪೊಟ್ಟಣ

“ಪೈಥಾನ್‌ನಲ್ಲಿ ಎರಡು ಬ್ರ್ಯಾಕೆಟ್ ಹಾಕಿದರೆ ಮುಗೀತಿತ್ತು, ಸಿ ಯಾಕಪ್ಪಾ?” ಅಂತ ಆಫೀಸಿನಲ್ಲಿ ಎಲ್ಲರೂ ನಕ್ಕರು. ನನ್ನ ಹೊಟ್ಟೆಪಾಡೇ ಸಿ. ಮೇಲಾಗಿ ಸಿ ಭಾಷೆಯ ಸ್ಟ್ಯಾಂಡರ್ಡ್ ಲೈಬ್ರರಿಯಲ್ಲಿ ಹ್ಯಾಶ್ ಟೇಬಲ್ಲೇ ಇಲ್ಲ. ಪಾಸಿಕ್ಸ್‌ನಲ್ಲಿ ಎಚ್‌ಸರ್ಚ್ ಅಂತ ಒಂದಿದೆ. ಆದರೆ ಒಂದು ಪ್ರೋಗ್ರಾಮಿಗೆ ಒಂದು ಸಲಕ್ಕೆ ಒಂದೇ ಟೇಬಲ್. ಇಟ್ಟದ್ದನ್ನ ಒಂದೊಂದಾಗಿ ಅಳಿಸೋ ದಾರಿಯೂ ಇಲ್ಲ. ನಾವೇ ಬರೆದುಕೊಳ್ಳಬೇಕು.

ಮೊದಲು ಊರಿನ ಹೆಸರಿಗೆ ಅಂತ ಬರೆದೆ. ಆಮೇಲೆ ಮಾವ “ಬಸ್ ನಂಬರಿಂದಾನೂ ಹುಡುಕೋ ಹಂಗೆ ಮಾಡು” ಅಂದರು. ಕಾಪಿ-ಪೇಸ್ಟ್ ಮಾಡಿದೆ. “ತಾರೀಖಿಂದಾನೂ” ಅಂದರು. ಮತ್ತೆ ಕಾಪಿ. ಮೂರು ಕಡೆ ಒಂದೇ ಕೋಡ್. ಒಂದು ಕಡೆ ತಪ್ಪು ತಿದ್ದಿದರೆ ಎರಡು ಕಡೆ ಹಾಗೇ ಉಳಿಯುತ್ತಿತ್ತು. ಆಗ ಎಲ್ಲದಕ್ಕೂ ಒಗ್ಗೋ ಒಂದೇ ಲೈಬ್ರರಿ, ಅಂದರೆ ಜೆನೆರಿಕ್ ಲೈಬ್ರರಿ, ಬರೆಯೋಕೆ ಕೂತೆ.

ಸಿಯಲ್ಲಿ ಇದಕ್ಕೆ ದಾರಿ ವಾಯ್ಡ್ ಪಾಯಿಂಟರ್. ಅದೊಂದು ಕಟ್ಟಿದ ಪೊಟ್ಟಣದ ಹಾಗೆ. ಎಲ್ಲಿದೆ ಅಂತ ಗೊತ್ತು, ಒಳಗೇನಿದೆ ಅಂತ ಗೊತ್ತಿಲ್ಲ. ಅಂಗಡಿ ಹುಡುಗನಿಗೆ ಒಳಗೆ ಸೀರೆ ಇದೆಯೋ ಮೋಟರ್ ಪಂಪಿನ ಪಾರ್ಟ್ ಇದೆಯೋ ಬೇಡ, ಇಡ್ತಾನೆ, ತೆಗೀತಾನೆ. ಆದರೆ ಒಳಗೇನಿದೆ ಅಂತ ಗೊತ್ತಿಲ್ಲದವನು ಮೂರು ಪ್ರಶ್ನೆ ಕೇಳಲೇಬೇಕು. ಇದಕ್ಕೆ ಸಂಖ್ಯೆ ತೆಗೆಯೋದು ಹೇಗೆ? ಇವೆರಡೂ ಒಂದೇನಾ ಅಂತ ಹೇಳೋರು ಯಾರು? ಕೆಲಸ ಮುಗಿದ ಮೇಲೆ ಇದನ್ನ ಬಿಸಾಕೋರು ಯಾರು? ಬಳಸುವವರೇ ಈ ಉತ್ತರಗಳನ್ನ ಫಂಕ್ಷನ್ ಪಾಯಿಂಟರ್‌ಗಳಾಗಿ ಕೊಡಬೇಕು. ಕ್ಯೂಸಾರ್ಟ್‌ಗೆ ಹೋಲಿಸೋ ಫಂಕ್ಷನ್ ಕೊಡ್ತೀವಲ್ಲ, ಹಾಗೇ. ಜಿಲಿಬ್‌ನ ಹ್ಯಾಶ್ ಟೇಬಲ್ ಕೂಡ ಸಂಖ್ಯೆ ತೆಗೆಯೋದು, ಹೋಲಿಸೋದು, ಕೀ ಬಿಡುಗಡೆ, ಬೆಲೆ ಬಿಡುಗಡೆ ಅಂತ ನಾಲ್ಕು ಫಂಕ್ಷನ್ ತಗೊಳ್ಳುತ್ತೆ.

ನಾನು ಈ ಮೂರೂ ಪ್ರಶ್ನೆಯಲ್ಲಿ ಒಂದೊಂದು ಸಲ ಎಡವಿದೆ.

ಮೊದಲ ಎರಡು ಏಟು

ಮೂರನೇ ಪ್ರಶ್ನೆಯಿಂದಲೇ ಶುರು ಮಾಡ್ತೀನಿ. ಫೈಲಿನಿಂದ ಸಾಲುಗಳನ್ನ ಓದೋಕೆ ಒಂದೇ ಬಫರ್ ಇಟ್ಟುಕೊಂಡಿದ್ದೆ. ಪ್ರತಿ ಸಾಲು ಓದಿದಾಗಲೂ ಆ ಬಫರಿನ ವಿಳಾಸವನ್ನೇ ಟೇಬಲ್‌ಗೆ ಕೊಟ್ಟೆ. ಐವತ್ತು ಸಾಲು ಓದಿ ಮುಗಿಸಿ ನೋಡಿದರೆ ಐವತ್ತು ಕಡೆಯೂ ಕೊನೆಯ ಗಿರಾಕಿಯ ಹೆಸರು! ಬಾಡಿಗೆ ಮನೆಯ ವಿಳಾಸ ಬರೆದುಕೊಂಡಿದ್ದೆ, ಒಳಗಿದ್ದವರು ಬದಲಾಗಿದ್ದರು. ಕೀಯ ಒಡೆಯ ಯಾರು ಅನ್ನೋದನ್ನ ಮೊದಲೇ ತೀರ್ಮಾನಿಸಬೇಕು. ಟೇಬಲ್ ತನ್ನದೇ ನಕಲು ಇಟ್ಟುಕೊಳ್ಳುತ್ತೋ, ಕೊಟ್ಟವರೇ ಕಾಪಾಡಬೇಕೋ ಅಂತ. ಈಗ ನನ್ನ ಲೈಬ್ರರಿಯ ಮೊದಲ ಕಾಮೆಂಟೇ ಅದು.

ಎರಡನೇ ಏಟು ಸಂಖ್ಯೆ ತೆಗೆಯೋದರಲ್ಲಿ. ಮೊದಲ ಆವೃತ್ತಿಯಲ್ಲಿ ಪದದ ಬೈಟುಗಳನ್ನೆಲ್ಲ ಕೂಡಿ, ಗೂಡುಗಳ ಸಂಖ್ಯೆಯಿಂದ ಭಾಗಿಸಿ ಶೇಷ ತಗೊಂಡಿದ್ದೆ. ಇಂಗ್ಲಿಷಿನಲ್ಲಿ ಹಾಸನ ಅಂತ ಹೊಡೆದರೆ ಸರಿ. ಕನ್ನಡದಲ್ಲಿ ಹೊಡೆದ ತಕ್ಷಣ ಪ್ರೋಗ್ರಾಂ ಮಲಗಿತು. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ ಮೂರು ಬೈಟು, ಮೂರೂ 127ಕ್ಕಿಂತ ದೊಡ್ಡವು. ನಮ್ಮ ಮಾಮೂಲಿ ಲ್ಯಾಪ್‌ಟಾಪ್‌ಗಳಲ್ಲಿ ಸಿಯ ಚಾರ್ ಅವನ್ನ ಋಣ ಸಂಖ್ಯೆ ಅಂತ ಓದುತ್ತೆ. ಮೊತ್ತ ಋಣ, ಶೇಷವೂ ಋಣ. ಮೈನಸ್ 5ನೇ ಗೂಡು ಅಂತ ಹುಡುಕಿಕೊಂಡು ಗೋಡೆಯಾಚೆ ಕೈ ಹಾಕಿತು. ಎಆರ್‌ಎಂ ಲಿನಕ್ಸ್ ಬೋರ್ಡುಗಳಲ್ಲಿ ಸಾಮಾನ್ಯವಾಗಿ ಚಾರ್‌ಗೆ ಋಣ ಇಲ್ಲ, ಹಾಗಾಗಿ ಅದೇ ಕೋಡ್ ಅಲ್ಲಿ ತಣ್ಣಗೆ ಓಡುತ್ತೆ. ಆ ಬೋರ್ಡಿನಲ್ಲಿ ಮಾತ್ರ ಟೆಸ್ಟ್ ಮಾಡಿದ್ದರೆ ಗೊತ್ತೇ ಆಗುತ್ತಿರಲಿಲ್ಲ.

ಅನ್‌ಸೈನ್ಡ್ ಚಾರ್ ಅಂತ ಬದಲಿಸಿ, ಬರೀ ಕೂಡೋದನ್ನ ಬಿಟ್ಟು ಎಫ್‌ಎನ್‌ವಿ-1ಎ ಹಾಕಿದೆ. 2166136261ರಿಂದ ಶುರು ಮಾಡಿ, ಪ್ರತಿ ಬೈಟನ್ನೂ ಎಕ್ಸಾರ್ ಮಾಡಿ 16777619ರಿಂದ ಗುಣಿಸುತ್ತಾ ಹೋಗೋದು. ಅಂಗಡಿಗೆ ಇದು ಧಾರಾಳ. ಆದರೆ ಇಂಟರ್ನೆಟ್ಟಿಗೆ ತೆರೆದಿಡೋ ಸರ್ವರಿಗೆ ಸಾಲದು. 2011ರ ಡಿಸೆಂಬರಿನಲ್ಲಿ ಬರ್ಲಿನ್ನಿನ ಒಂದು ಸಮ್ಮೇಳನದಲ್ಲಿ ಇಬ್ಬರು ಸಂಶೋಧಕರು, ಬೇಕಂತಲೇ ಒಂದೇ ಗೂಡಿಗೆ ಬೀಳೋ ಕೀಗಳನ್ನ ಕಳಿಸಿ ವೆಬ್ ಸರ್ವರುಗಳನ್ನ ಸುಸ್ತು ಮಾಡಬಹುದು ಅಂತ ತೋರಿಸಿದರು. ಮರುವರ್ಷ ಸಿಪ್‌ಹ್ಯಾಶ್ ಬಂತು. ಅದರಲ್ಲಿ ಒಂದು ಗುಟ್ಟಿನ ಸಂಖ್ಯೆ ಸೇರಿರುತ್ತೆ, ಹೊರಗಿನವರಿಗೆ ಗೂಡು ಊಹಿಸೋಕೆ ಆಗಲ್ಲ. ಬಳಸುವವರ ಕೈಗೇ ಹ್ಯಾಶ್ ಫಂಕ್ಷನ್ ಬಿಟ್ಟುಕೊಡೋದರ ಲಾಭ ಇದು. ಅಂಗಡಿಗೊಂದು, ಸರ್ವರಿಗೊಂದು.

ಒಂದೇ ಅಂದ್ರೆ ಒಂದೇನಾ?

ಈಗ ಆ ಶುಕ್ರವಾರಕ್ಕೆ ಬರೋಣ. ಶನಿವಾರ ಬೆಳಿಗ್ಗೆ ಬಸ್ ಹತ್ತಿ ಹಾಸನಕ್ಕೆ ಹೋದೆ. ಪಟ್ಟಿಯಲ್ಲಿ ಯಜಮಾನರ ನಮೂದು ಕಣ್ಣೆದುರೇ ಇತ್ತು. ಹೊಳೆನರಸೀಪುರ, ನಾಲ್ಕು ಅಂಕಿ, ಎಲ್ಲ ಸರಿ. ಅದನ್ನೇ ನೋಡಿಕೊಂಡು ಹೊಡೆದರೂ “ಇಲ್ಲ”. ಅರಕಲಗೂಡು ಸಿಕ್ಕಿತು. ಚನ್ನರಾಯಪಟ್ಟಣ ಸಿಕ್ಕಿತು. ಹೊಳೆನರಸೀಪುರದವರು ಮಾತ್ರ ಸಿಗಲ್ಲ, ಅವರಲ್ಲೂ ಎಲ್ಲರೂ ಅಲ್ಲ. ಬೆಂಗಳೂರಿನ ಒಂದು ಔಷಧಿ ಅಂಗಡಿಯ ಪಟ್ಟಿಯಲ್ಲಿದ್ದವರು ಮಾತ್ರ.

ಆ ಪಟ್ಟಿ ನುಡಿಯ ಹಳೆಯ ಫಾಂಟಿನಲ್ಲಿ ಬರುತ್ತಿತ್ತು. ಯೂನಿಕೋಡಿಗೆ ಬದಲಿಸೋ ಕನ್ವರ್ಟರ್ ಬರೆದದ್ದು ನಾನೇ. ಬೈಟು ಎಣಿಸಿದೆ. ನಾನು ಕೀಬೋರ್ಡಿನಲ್ಲಿ ಹೊಡೆದ ಹೊಳೆನರಸೀಪುರ 33 ಬೈಟು. ಪಟ್ಟಿಯದು 36!

‘ಹೊ’ ಅನ್ನೋದನ್ನ ಯೂನಿಕೋಡಿನಲ್ಲಿ ಎರಡು ಥರ ಬರೆಯಬಹುದು. ‘ಹ’ಕ್ಕೆ ‘ೊ’ ಅನ್ನೋ ಒಂದೇ ಚಿಹ್ನೆ ಸೇರಿಸಬಹುದು, ಇಲ್ಲವೇ ‘ೆ’ ಮತ್ತು ‘ೂ’ ಅಂತ ಎರಡು ಚಿಹ್ನೆ ಒಂದರ ಹಿಂದೆ ಒಂದು ಇಡಬಹುದು. ಎರಡೂ ಸಮ ಅಂತ ಯೂನಿಕೋಡೇ ಹೇಳುತ್ತೆ. ಹಳೆಯ ಫಾಂಟಿನಲ್ಲಿ ಅದು ಎರಡು ತುಂಡಾಗಿಯೇ ಇರುತ್ತೆ. ನನ್ನ ಕನ್ವರ್ಟರ್ ಅದನ್ನ ಕೂಡಿಸದೆ ಹಾಗೇ ಬಿಟ್ಟಿತ್ತು. ಅರಕಲಗೂಡು, ಚನ್ನರಾಯಪಟ್ಟಣದಲ್ಲಿ ‘ೊ’ ಇಲ್ಲ, ಬಚಾವಾದವು. ಓದೋರಿಗೆ ಒಂದೇ ಊರು, ಟೇಬಲ್ಲಿಗೆ ಎರಡು ಊರು.

ಹೋಲಿಸೋ ಫಂಕ್ಷನ್ ತಿದ್ದಿದೆ. ಈ ಎರಡೂ ಬಗೆಯ ‘ಹೊ’ ಒಂದೇ ಅಂತ ಅದಕ್ಕೆ ಕಲಿಸಿದೆ. ಓಡಿಸಿದೆ. ಮತ್ತೆ “ಇಲ್ಲ”.

ಅರ್ಧ ಗಂಟೆ ತಲೆ ಕೆರೆದುಕೊಂಡೆ. ಕೊನೆಗೆ ಮಾವನ ಗೂಡು ನೋಡುತ್ತಾ ಕೂತಾಗ ಹೊಳೀತು. ಬೈಟು ಬೇರೆಯಾದ್ದರಿಂದ ತೆಗೆದ ಸಂಖ್ಯೆಯೂ ಬೇರೆ, ಗೂಡೂ ಬೇರೆ. ಪೊಟ್ಟಣ 3ನೇ ಗೂಡಲ್ಲಿದೆ, ನಾನು 9ನೇ ಗೂಡಲ್ಲಿ ಹುಡುಕುತ್ತಿದ್ದೇನೆ. ಹೋಲಿಸೋ ಫಂಕ್ಷನ್ ಎಷ್ಟು ಬುದ್ಧಿವಂತ ಆದ್ರೇನು, ಎರಡೂ ಎದುರುಬದುರು ಬರೋದೇ ಇಲ್ಲವಲ್ಲ! ಎರಡು ಕೀ ಒಂದೇ ಅಂತ ನೀವು ಹೇಳೋದಾದರೆ, ಅವೆರಡಕ್ಕೂ ಒಂದೇ ಸಂಖ್ಯೆ ಬರಲೇಬೇಕು. ಪುಸ್ತಕದಲ್ಲಿ ಈ ನಿಯಮವನ್ನ ಎಷ್ಟು ಸಲ ಓದಿದ್ದೆನೋ. ಅರ್ಥ ಆದದ್ದು ಆವತ್ತು.

ಬೈಟು ಎಣಿಸೋ ಮೊದಲೇ ‘ೆ’ ಮತ್ತು ‘ೂ’ ಜೋಡಿಯನ್ನ ‘ೊ’ ಮಾಡಿಕೊಳ್ಳೋ ಹಾಗೆ ಹ್ಯಾಶ್ ಫಂಕ್ಷನ್ನನ್ನೂ ತಿದ್ದಿದೆ. ಕನ್ವರ್ಟರನ್ನೂ ಸರಿಮಾಡಿದೆ. ಯಜಮಾನರ ಹೆಸರು ಬಂತು. ಇಷ್ಟೆಲ್ಲದರಲ್ಲಿ ಲೈಬ್ರರಿಯ ಒಂದು ಸಾಲನ್ನೂ ಮುಟ್ಟಲಿಲ್ಲ. “ಒಂದೇ” ಅಂದರೇನು ಅನ್ನೋ ತೀರ್ಮಾನ ಅದರದ್ದಾಗಿರಲೇ ಇಲ್ಲ, ಅಂಗಡಿಯ ಪ್ರೋಗ್ರಾಂ ಬರೆದ ನನ್ನದಾಗಿತ್ತು.

ನಿಮ್ಮ ಕೋಡಿನಲ್ಲೂ ಕನ್ನಡದ ಹೆಸರು, ಊರು ಕೀ ಆಗಿದ್ದರೆ ಇವತ್ತೇ ಒಂದು ಟೆಸ್ಟ್ ಬರೆಯಿರಿ. ‘ಹೊ’ವನ್ನ ಎರಡೂ ಥರ ಹೊಡೆದು ಹುಡುಕಿ. ಪೈಥಾನ್ ಆದರೂ ಇದರಿಂದ ತಪ್ಪಿಸಿಕೊಳ್ಳೋಕೆ ಆಗಲ್ಲ. ಅದೂ ಎರಡನ್ನ ಬೇರೆ ಬೇರೆ ಅಂತಲೇ ಇಡುತ್ತೆ. ಕೀ ಒಳಗೆ ಹೋಗೋ ಬಾಗಿಲಲ್ಲೇ ನಾರ್ಮಲೈಸ್ ಮಾಡಿಬಿಡಿ.

ಹೊರಡೋ ಮೊದಲು ಇನ್ನೊಂದು ಬದಲಾವಣೆ ಮಾಡಿದೆ. ಮೊದಲು ಸ್ಕ್ರೀನ್ ಮೇಲೆ “ಪಾರ್ಸೆಲ್ ಇಲ್ಲ” ಅಂತ ಬರುತ್ತಿತ್ತು. ಈಗ “ಪಟ್ಟಿಯಲ್ಲಿ ಸಿಗಲಿಲ್ಲ, 7ನೇ ಗೂಡು ನೋಡಿ” ಅಂತ ಬರುತ್ತೆ, ಮೊಬೈಲಿನ ಕೊನೆಯ ಅಂಕಿಯ ಪ್ರಕಾರ. ಮಾವ ಕನ್ನಡಕ ಏರಿಸಿ ಓದಿದರು.

“ಇದನ್ನ ಮೊದ್ಲೇ ಮಾಡಿದ್ರೆ ಆಗ್ತಿರ್ಲಿಲ್ವೇನಪ್ಪಾ?” ಅಂದು, ಹುಡುಗನಿಗೆ ಎರಡು ಕಾಫಿ ಹೇಳಿದರು.