ಬಿಸಿ ಕರ್ರಿ ನಿಮ್ಮ ತಟ್ಟೆಗೂ ಬರಲಿ

ಕಳೆದ ಭಾನುವಾರ ಮನೆಮಂದಿಯೆಲ್ಲ ಹೋಟೆಲ್‌ಗೆ ಹೋಗಿದ್ದೆವು. ಪನ್ನೀರ್ ಬಟರ್ ಮಸಾಲಾ, ತಂದೂರಿ ರೊಟ್ಟಿ ಬಂತು. ಮೊದಲ ತುತ್ತು ಬಾಯಿಗಿಟ್ಟವಳೇ ‘ಆಹಾ, ಎಷ್ಟು ಬಿಸಿ ಇದೆ!’ ಅಂದೆ. ಪಕ್ಕದಲ್ಲಿದ್ದ ಮಗಳು ನನ್ನ ಮುಖ ನೋಡಿ, ‘ಅಮ್ಮಾ, ನಿಂಗೆ ಬಿಸಿ ಊಟ ಇಷ್ಟ ಅಂತ ನಂಗೆ ಗೊತ್ತೇ ಇರಲಿಲ್ಲ. ಮನೇಲಿ ಯಾವಾಗ್ಲೂ ಆರಿದ್ದನ್ನೇ ತಿಂತೀಯಲ್ಲ’ ಅಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಮನೆಗೆ ಬಂದ ಮೇಲೂ ಆ ಮಾತು ತಲೆಯಿಂದ ಹೋಗಲಿಲ್ಲ.

ಹೋಟೆಲಿನ ಕರ್ರಿ ನಮಗೆ ಅಷ್ಟೊಂದು ರುಚಿ ಅನ್ನಿಸೋದು ಯಾಕೆ? ಬೆಣ್ಣೆ, ಕ್ರೀಮು, ಗೋಡಂಬಿ ಇರುತ್ತೆ, ನಿಜ. ಅದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ. ಅಲ್ಲಿ ನಾವು ಕೂತಿರುತ್ತೇವೆ. ಬೇರೆಯವರು ಬಡಿಸುತ್ತಾರೆ. ಮನೆಯಲ್ಲಾದರೆ ಎಲ್ಲರಿಗೂ ಚಪಾತಿ ಹಾಕಿ, ನಾವು ಕೂರುವ ಹೊತ್ತಿಗೆ ಬಾಣಲೆ ತಳದಲ್ಲಿ ನಾಲ್ಕು ಆಲೂಗಡ್ಡೆ ಹೋಳು, ಅಂಚಿಗೆ ಅಂಟಿದ ಮಸಾಲೆ. ಅದನ್ನೇ ಒರೆಸಿ ತಿಂದು ‘ನನ್ನ ಊಟ ಆಯ್ತು’ ಅಂತೀವಿ. ಹೌದು ತಾನೇ?

ಇದು ಬರೀ ರುಚಿಯ ಮಾತಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ದೇಶದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ ಇತ್ತು. ನಮ್ಮ ಕರ್ನಾಟಕದಲ್ಲಿ ಸುಮಾರು 48. ಇದಕ್ಕೆ ಕಾರಣ ಹತ್ತಾರಿರಬಹುದು. ಆದರೆ ಕಾಳು, ಸೊಪ್ಪು, ತರಕಾರಿ ಎಲ್ಲರ ತಟ್ಟೆಗೂ ಹೋಗಿ, ಕೊನೆಯಲ್ಲಿ ಉಣ್ಣುವವಳಿಗೆ ಬರೀ ಸಾರು-ಅನ್ನ ಉಳಿದರೆ ಅದು ಒಳ್ಳೆಯದಂತೂ ಅಲ್ಲ.

ಹಾಗಂತ ದಿನಾ ಹೋಟೆಲ್‌ಗೆ ಹೋಗೋಕಾಗುತ್ತಾ? ಜೇಬು ಬಿಡಲ್ಲ, ಹೊಟ್ಟೆಯೂ ಕೇಳಲ್ಲ. ಹೋಟೆಲಿನ ಜಾಣತನವನ್ನ ಒಂದಿಷ್ಟು ಮನೆಗೆ ತರೋಣ. ಹೋದಾಗ ತಿಳಿದು ತಿನ್ನೋಣ.

ಹೋಟೆಲಿನವರು ಹತ್ತೇ ನಿಮಿಷದಲ್ಲಿ ಕರ್ರಿ ತಂದಿಡೋದು ಹೇಗೆ ಅಂತ ಯೋಚಿಸಿದ್ದೀರಾ? ಬಹಳಷ್ಟು ಕಡೆ ಬೆಳಿಗ್ಗೆಯೇ ಎರಡು ಮೂರು ಬಗೆಯ ಗ್ರೇವಿ ದೊಡ್ಡ ಪಾತ್ರೆಯಲ್ಲಿ ತಯಾರಾಗಿರುತ್ತೆ. ಈರುಳ್ಳಿ-ಟೊಮೆಟೊ ಹುರಿದದ್ದು ಒಂದು, ಗೋಡಂಬಿಯ ಬಿಳಿ ಗ್ರೇವಿ ಒಂದು, ಬೆಣ್ಣೆ-ಟೊಮೆಟೊದ ಮಖನಿ ಇನ್ನೊಂದು. ನಾವು ಆರ್ಡರ್ ಕೊಟ್ಟ ಮೇಲೆ ತರಕಾರಿಯನ್ನೋ ಪನ್ನೀರನ್ನೋ ಹಾಕಿ ಕುದಿಸಿ ಕೊಡ್ತಾರೆ. ಅದಕ್ಕೇ ಮಲೈ ಕೋಫ್ತಾ, ನವರತ್ನ ಕುರ್ಮಾ ಎರಡನ್ನೂ ತರಿಸಿದರೆ ಹೆಸರು ಎರಡು, ರುಚಿ ಹೆಚ್ಚುಕಡಿಮೆ ಒಂದೇ! ಒಂದು ಗ್ರೇವಿ, ಒಂದು ದಾಲ್, ಒಂದು ಒಣ ಪಲ್ಯದಂಥದ್ದು ತರಿಸಿ ಹಂಚಿಕೊಳ್ಳಿ. ದುಡ್ಡಿಗೂ ಬೆಲೆ ಬಂದಂತೆ, ನಾಲಗೆಗೂ ಬದಲಾವಣೆ. ಖಾರ, ಎಣ್ಣೆ ಕಡಿಮೆ ಇರಲಿ ಅಂತ ಮೊದಲೇ ಹೇಳಿ. ಹೇಳೋಕೆ ನಾಚಿಕೆ ಯಾಕೆ, ದುಡ್ಡು ಕೊಡೋರು ನಾವೇ ಅಲ್ವಾ?

ಇನ್ನೊಂದು ಮಾತು. ಹೊರಗೆ ಹೋದಾಗ ಮನೆಯಲ್ಲಿ ಮಾಡಲಾಗದ್ದನ್ನ ತಿನ್ನಿ. ಆಲೂ-ಬಟಾಣಿ ನಿನ್ನೆ ತಾನೇ ಮಾಡಿರ್ತೀರಿ. ಅದರ ಬದಲು ಬೇರೆ ಸೀಮೆಯ ಅಡುಗೆ ನೋಡಿ. ಹುಬ್ಬಳ್ಳಿ-ಧಾರವಾಡದ ಕಡೆಯ ಖಾನಾವಳಿ ಊಟ ಸಿಕ್ಕರೆ ಬಿಡಬೇಡಿ. ಶೇಂಗಾ, ಎಳ್ಳು, ಗುರೆಳ್ಳಿನ ಪುಡಿ ತುಂಬಿದ ಬದನೆಕಾಯಿ ಎಣ್ಣೆಗಾಯಿ, ಜೊತೆಗೆ ಬಿಸಿ ಜೋಳದ ರೊಟ್ಟಿ. ಮಾಂಸ ತಿನ್ನುವವರಿಗೆ ಮಂಗಳೂರಿನ ಕೋರಿ ಗಸಿ ಇದೆ, ಕಾಚಂಪುಳಿ ಹಾಕಿದ ಕೊಡಗಿನ ಪಂದಿ ಕರ್ರಿ ಇದೆ. ಕರ್ರಿ ಅನ್ನೋ ಹೆಸರು ಬರುವ ಮೊದಲೇ ನಮ್ಮಲ್ಲಿ ಗೊಜ್ಜು, ಪಲ್ಯ, ಗಸಿ, ಹುಳಿ ಅಂತ ಎಷ್ಟೊಂದಿತ್ತು ನೋಡಿ.

ಈಗ ಮನೆಗೆ ಬರೋಣ. ರಜೆಯ ದಿನ ಆರೇಳು ಈರುಳ್ಳಿ ಹೆಚ್ಚಿ ಹೊಂಬಣ್ಣಕ್ಕೆ ಹುರಿಯಿರಿ. ಶುಂಠಿ-ಬೆಳ್ಳುಳ್ಳಿ ಪೇಸ್ಟ್ ಹಾಕಿ, ಹಸಿ ವಾಸನೆ ಹೋದ ಮೇಲೆ ಅಷ್ಟೇ ಟೊಮೆಟೊ ಸೇರಿಸಿ, ಅಂಚಿನಲ್ಲಿ ಎಣ್ಣೆ ಬಿಡುವ ತನಕ ಬಾಡಿಸಿ. ಆರಿದ ಮೇಲೆ ಡಬ್ಬಿಗೆ ಹಾಕಿ ಫ್ರಿಜ್‌ನಲ್ಲಿಟ್ಟರೆ ಮೂರು ದಿನಕ್ಕೆ ನಿಶ್ಚಿಂತೆ. ಸೋಮವಾರ ಬೆಂದ ಕಾಬೂಲಿ ಕಡಲೆ, ಮಂಗಳವಾರ ಬೀನ್ಸ್-ಕ್ಯಾರೆಟ್, ಬುಧವಾರ ಮೊಟ್ಟೆಯೋ ಪನ್ನೀರೋ. ಕೊನೆಗೆ ಕಸೂರಿ ಮೇಥಿ ಅಂಗೈಯಲ್ಲಿ ಉಜ್ಜಿ ಉದುರಿಸಿ, ಮನೆಯೆಲ್ಲ ಹೋಟೆಲ್ ಘಮ! ಬಣ್ಣಕ್ಕೆ ಬ್ಯಾಡಗಿ ಮೆಣಸಿನಕಾಯಿ ಇದ್ದರೆ ಸಾಕು, ಖಾರ ಕಡಿಮೆ, ಕೆಂಪು ಜಾಸ್ತಿ. ಕ್ರೀಮ್ ಬದಲು ಹತ್ತು ಗೋಡಂಬಿ ನೆನೆಸಿ ರುಬ್ಬಿ ಹಾಕಿ. ಆದರೆ ತೆಂಗಿನಕಾಯಿ ಮಸಾಲೆಯನ್ನ ಮಾತ್ರ ಹೀಗೆ ಇಡಬೇಡಿ, ಬೇಗ ಹಳಸುತ್ತೆ. ಅದನ್ನ ಆಗಿಂದಾಗ್ಗೆ ರುಬ್ಬಿಕೊಳ್ಳೋದೇ ಸರಿ.

ಹೋಟೆಲಿನಿಂದ ಕಟ್ಟಿಸಿಕೊಂಡು ಬಂದದ್ದಿರಲಿ, ಮನೆಯಲ್ಲಿ ಉಳಿದದ್ದಿರಲಿ, ಎರಡು ಗಂಟೆಯೊಳಗೆ ಫ್ರಿಜ್ ಸೇರಲಿ. ಮಾರನೇ ದಿನ ಚೆನ್ನಾಗಿ ಕುದಿಸಿ ತಿನ್ನಿ. ಬೇಕಾದಷ್ಟನ್ನೇ ತೆಗೆದು ಬಿಸಿ ಮಾಡಿ, ಇಡೀ ಪಾತ್ರೆಯನ್ನ ಪದೇ ಪದೇ ಬಿಸಿ ಮಾಡಬೇಡಿ. ಕಾಳಿನ ಕರ್ರಿ, ಸೊಪ್ಪಿನ ಕರ್ರಿ ಮೇಲೆ ನಿಂಬೆಹಣ್ಣು ಹಿಂಡಿಕೊಳ್ಳಿ, ಅದರಲ್ಲಿರುವ ಕಬ್ಬಿಣದ ಅಂಶ ಮೈಗೆ ಹಿಡಿಯೋಕೆ ಅನುಕೂಲ. ಊಟದ ಬೆನ್ನಿಗೇ ಕಾಫಿ, ಟೀ ಕುಡಿದರೆ ಅದೇ ಕಬ್ಬಿಣಕ್ಕೆ ಅಡ್ಡಿ. ಒಂದು ಗಂಟೆ ತಡೆಯಿರಿ.

ಇಷ್ಟೆಲ್ಲ ಮಾಡಿಯೂ ನಾವು ಒಲೆ ಮುಂದೆಯೇ ನಿಂತಿದ್ದರೆ ಏನು ಬಂತು? ಅದಕ್ಕೇ ನಮ್ಮ ಮನೆಯಲ್ಲಿ ಈಗ ಒಂದು ಪದ್ಧತಿ ಶುರು ಮಾಡಿದ್ದೇನೆ. ಚಪಾತಿಗಳನ್ನ ಮೊದಲೇ ಬೇಯಿಸಿ ಬಟ್ಟೆ ಹಾಸಿದ ಹಾಟ್‌ಬಾಕ್ಸ್‌ಗೆ ಹಾಕಿಬಿಡುತ್ತೇನೆ. ಐದೂ ತಟ್ಟೆಗಳಿಗೆ ಒಟ್ಟಿಗೇ ಬಡಿಸಿ, ನನ್ನ ತಟ್ಟೆಯೂ ಸೇರಿ, ಎಲ್ಲರೂ ಜೊತೆಗೆ ಕೂರುತ್ತೇವೆ. ಹೆಂಚಿನಿಂದ ನೇರ ಬಂದ ಚಪಾತಿಯೇ ಬೇಕು ಅನ್ನುವವರು ಎದ್ದು ಹೋಗಿ ತಾವೇ ಬೇಯಿಸಿಕೊಳ್ಳಬಹುದು! ಮೊದಲ ದಿನ ಅತ್ತೆ ಮುಖ ಸ್ವಲ್ಪ ಬಿಗಿಯಾಯ್ತು. ಮೂರನೇ ದಿನ ಅವರೇ ‘ನಮ್ಮ ಕಾಲದಲ್ಲಿ ನನಗೆ ಹೀಗೆ ಯಾರೂ ಹೇಳಲಿಲ್ಲ ಕಣೆ’ ಅಂದರು. ಆಮೇಲೆ ಇಬ್ಬರೂ ಏನೂ ಮಾತಾಡಲಿಲ್ಲ. ಮೊನ್ನೆ ರಾತ್ರಿಯಂತೂ ಯಜಮಾನರೇ ಎದ್ದು ಉಳಿದ ನಾಲ್ಕು ಚಪಾತಿ ಬೇಯಿಸಿದರು. ಒಂದು ಸೀದಿತ್ತು, ಬಿಡಿ.

ಗೆಳತಿಯರೇ, ಹಬ್ಬಕ್ಕೋ ಹುಟ್ಟುಹಬ್ಬಕ್ಕೋ ಹೋಟೆಲ್‌ಗೆ ಖಂಡಿತ ಹೋಗಿ, ಖುಷಿಯಾಗಿ ತಿನ್ನಿ. ಆದರೆ ಬಿಸಿ ಊಟ ಸಿಗೋದು ಹೋಟೆಲಿನಲ್ಲಿ ಮಾತ್ರ ಅನ್ನೋ ಹಾಗೆ ಆಗದಿರಲಿ. ನಾವು ಆರಿದ್ದನ್ನ ತಿಂದರೆ ಮನೆಯವರ ಮೇಲೆ ಪ್ರೀತಿ ಹೆಚ್ಚಾಗೋದಿಲ್ಲ. ಇವತ್ತು ರಾತ್ರಿ ಕರ್ರಿ ಇಳಿಸಿದ ಕೂಡಲೇ ಮೊದಲ ಸೌಟು ನಿಮ್ಮ ಬಟ್ಟಲಿಗೆ ಹಾಕಿಟ್ಟು ನೋಡಿ. ಯಾರೂ ಏನೂ ಅನ್ನಲ್ಲ. ಅಂದರೂ ಮೂರು ದಿನ, ಅಷ್ಟೇ.