ಹಳೇ ಟೆಲಿ ಲೆನ್ಸಿನ ಹುಚ್ಚು

ರೇಂಜ್‌ಫೈಂಡರ್ ಕ್ಯಾಮೆರಾ ಕೊಂಡವರಿಗೆ ಸ್ವಲ್ಪ ದಿನಕ್ಕೆ ಒಂದು ಖಾಯಿಲೆ ಶುರುವಾಗುತ್ತೆ. ಹಳೇ ಟೆಲಿ ಲೆನ್ಸ್ ಒಂದು ಬೇಕು ಅನ್ನೋ ಖಾಯಿಲೆ. ಬರಲಿ ಬಿಡಿ, ತಪ್ಪೇನಿಲ್ಲ. ಆದರೆ ಹೆಚ್ಚಿನವರು ಹೋಗಿ ಬೀಳೋದು ಎರಡೇ ಹಳ್ಳಕ್ಕೆ. ಒಂದು, ಅಗ್ಗಕ್ಕೆ ಸಿಕ್ತು ಅಂತ 135 ಎಂಎಂ ತರೋದು. ಇನ್ನೊಂದು, ಎಫ್/2 ಇಲ್ಲದಿದ್ದರೆ ಅದೆಂಥ ಪೋರ್ಟ್ರೇಟ್ ಲೆನ್ಸು ಅಂತ ಸಾಲ ಮಾಡಿಯಾದರೂ ದಪ್ಪ ಗಾಜು ತರೋದು. ನನ್ನ ಕೇಳಿದರೆ ಎರಡೂ ದುಡ್ಡು ದಂಡ. 90 ಎಂಎಂ ಎಫ್/4 ತಗೊಳ್ಳಿ, ಉಳಿದ ದುಡ್ಡಿಗೆ ಫಿಲ್ಮ್ ತಗೊಳ್ಳಿ.

ಯಾಕೆ ಅಂತೀರಾ? ಎಸ್‌ಎಲ್‌ಆರ್‌ನಲ್ಲಿ ನಾವು ನೋಡೋದು ಲೆನ್ಸಿನ ಮೂಲಕವೇ. ಲೆನ್ಸ್ ಉದ್ದ ಆದಷ್ಟೂ ಕಾಣೋದೂ ದೊಡ್ಡದಾಗುತ್ತೆ. ರೇಂಜ್‌ಫೈಂಡರ್‌ನಲ್ಲಿ ಆ ಭಾಗ್ಯ ಇಲ್ಲ. ಯಾವ ಲೆನ್ಸ್ ಹಾಕಿದರೂ ಕಿಟಕಿಯಲ್ಲಿ ಕಾಣೋದು ಅಷ್ಟೇ. ಫೋಕಸ್ ಎಷ್ಟು ಕರಾರುವಾಕ್ಕು ಅನ್ನೋದನ್ನ ನಿರ್ಧರಿಸೋದು ಎರಡು ಕಿಟಕಿಗಳ ನಡುವಿನ ಅಂತರ ಮತ್ತು ಫೈಂಡರಿನ ವರ್ಧನೆ. ಇವೆರಡನ್ನೂ ಗುಣಿಸಿ. 1954ರ ಲೈಕಾ ಎಂ3ಗೆ ಸುಮಾರು 62 ಎಂಎಂ ಬರುತ್ತೆ. 0.72 ವರ್ಧನೆಯ ಲೈಕಾಗಳಿಗೆ ಸುಮಾರು 49. 2000ದಲ್ಲಿ ಬಂದ ಬೆಸ್ಸಾ ಆರ್‌ಗೆ 25ರ ಆಸುಪಾಸು, ಅಷ್ಟೇ! ಲೆನ್ಸ್ ಹುಡುಕೋಕೆ ಮುಂಚೆ ಈ ಲೆಕ್ಕ ಮಾಡಿದವರು ಎಷ್ಟು ಜನ ಹೇಳಿ?

ಈಗ ಇನ್ನೊಂದು ಲೆಕ್ಕ. ಒಂದೂವರೆ ಮೀಟರ್ ದೂರದಲ್ಲಿ ಕೂತವರ ಮುಖಕ್ಕೆ 90 ಎಂಎಂ ಲೆನ್ಸನ್ನ ಎಫ್/2ರಲ್ಲಿ ಹಿಡಿದರೆ ಸ್ಪಷ್ಟವಾಗಿ ಬರೋದು ಸುಮಾರು 3 ಸೆಂಟಿಮೀಟರ್ ಆಳ ಮಾತ್ರ. ಎಫ್/4ರಲ್ಲಿ 6 ಸೆಂಟಿಮೀಟರ್. ನೀವು ಉಸಿರು ಬಿಟ್ಟು ಸ್ವಲ್ಪ ಬಾಗಿದರೆ ಆ 3 ಸೆಂಟಿಮೀಟರ್ ಗೋವಿಂದ. ಕಣ್ಣಿನ ಬದಲು ಕಿವಿ ಶಾರ್ಪ್ ಆಗಿರುತ್ತೆ. ಆಮೇಲೆ ಎಫ್/4ಕ್ಕೇ ಇಳಿಸಿ ತೆಗೀತೀರಿ. ಹಾಗಿದ್ದ ಮೇಲೆ ದಪ್ಪ ಗಾಜು ಕುತ್ತಿಗೆಗೆ ನೇತುಹಾಕಿಕೊಂಡು ತಿರುಗೋದ್ಯಾಕೆ?

135ರ ಕಥೆ ಇನ್ನೂ ತಮಾಷೆ. 0.72 ಫೈಂಡರಿನಲ್ಲಿ ಅದರ ಚೌಕಟ್ಟು ಅಂಚೆಚೀಟಿಯಷ್ಟು ಕಾಣುತ್ತೆ. ಎಂ2ನಲ್ಲಂತೂ ಆ ಚೌಕಟ್ಟೇ ಇಲ್ಲ. 1963ರಲ್ಲಿ 135 ಎಂಎಂ ಎಫ್/2.8 ಎಲ್ಮರಿಟ್ ಮಾಡಿದಾಗ ಲೈಟ್ಸ್ ಕಂಪನಿಯವರೇ ಅದಕ್ಕೊಂದು ಕನ್ನಡಕ ತೊಡಿಸಿದರು, ಫೈಂಡರಿನ ನೋಟ ಒಂದೂವರೆ ಪಟ್ಟು ದೊಡ್ಡದಾಗಲಿ ಅಂತ. ಮಾಡಿದವರಿಗೇ ಗೊತ್ತಿತ್ತು ಸ್ವಾಮೀ, ಕೊಳ್ಳೋ ನಮಗೆ ಗೊತ್ತಿಲ್ಲ! 135 ಬೇಕೇ ಬೇಕು ಅಂದ್ರೆ ಹಳೇ ಎಸ್‌ಎಲ್‌ಆರ್ ತಗೊಳ್ಳಿ.

"1950ರಲ್ಲಿ ಲೈಫ್ ಪತ್ರಿಕೆಯ ಡೇವಿಡ್ ಡಗ್ಲಸ್ ಡಂಕನ್ ನಿಕ್ಕಾರ್ ಲೆನ್ಸ್ ತಗೊಂಡು ಕೊರಿಯಾ ಯುದ್ಧಕ್ಕೇ ಹೋಗಿದ್ರಲ್ಲ, ಅವರನ್ನ ಬೆರಗು ಮಾಡಿದ್ದು 85 ಎಫ್/2 ತಾನೇ?" ಅಂತ ಯಾರಾದರೂ ಕೇಳೇ ಕೇಳ್ತಾರೆ. ಹೌದು. ಆದರೆ ಆ ಕಾಲದ ಸ್ಕ್ರೂ ಮೌಂಟ್ ಲೈಕಾದ ಲೆಕ್ಕ ಮಾಡಿ: 39 ಎಂಎಂ ಅಂತರ, ಒಂದೂವರೆ ಪಟ್ಟು ವರ್ಧನೆ, ಅಂದರೆ 58. ನಿಮ್ಮ ಬೆಸ್ಸಾದ ಎರಡು ಪಟ್ಟಿಗಿಂತ ಜಾಸ್ತಿ. ಜೊತೆಗೆ ಕೈ ಡಂಕನ್‌ರದ್ದು.

ಅಗ್ಗದ ರಷ್ಯನ್ ಜುಪಿಟರ್-9 ಬಗ್ಗೆಯೂ ಒಂದು ಮಾತು. ಸೋನ್ನಾರ್ ಮಾದರಿಯ ಸುಂದರ ಲೆನ್ಸ್, ಎರಡು ಮಾತಿಲ್ಲ. ಆದರೆ ಸೋವಿಯತ್ ಸ್ಕ್ರೂ ಲೆನ್ಸುಗಳ ಫೋಕಸ್ ಅಳತೆ ಲೈಕಾದ ಅಳತೆಗೆ ಪೂರ್ತಿ ಹೊಂದಲ್ಲ. ದೂರಕ್ಕೆ ಸರಿ ಮಾಡಿದರೆ ಹತ್ತಿರದಲ್ಲಿ ಕೈಕೊಡುತ್ತೆ. ಪೋರ್ಟ್ರೇಟ್ ಲೆನ್ಸು ಹತ್ತಿರದಲ್ಲೇ ಕೈಕೊಟ್ಟರೆ ಏನು ಮಾಡೋದು?

ಹಾಗಾದ್ರೆ ಯಾವುದು? 1931ರಿಂದ ಬರ್ತಿದ್ದ ಲೈಟ್ಸ್ 9 ಸೆಂ.ಮೀ. ಎಲ್ಮಾರ್ ಎಫ್/4. ನಾಲ್ಕೇ ಗಾಜು, ಸರಳ. ಇಲ್ಲದಿದ್ದರೆ ಕ್ಯಾನನ್ 100 ಎಂಎಂ ಎಫ್/3.5, ಹಗುರ. ಹೆಸರಿಗಿಂತ ಸ್ಥಿತಿ ಮುಖ್ಯ. ಟಾರ್ಚ್ ಬಿಟ್ಟು ಒಳಗೆ ನೋಡಿ. ಮಂಜು ಕವಿದಿದ್ದರೆ, ಜೇಡರ ಬಲೆಯಂಥ ಫಂಗಸ್ ಇದ್ದರೆ ಬೇಡ. ಕರಾವಳಿ, ಮಲೆನಾಡಿನವರಿಗೆ ನಾನು ಹೇಳಬೇಕಾಗಿಲ್ಲ, ಒಂದು ಮಳೆಗಾಲ ಸಾಕು ಅದು ಹಬ್ಬೋಕೆ. ಆಮೇಲೆ ಒಂದು ರೋಲ್ ಖರ್ಚು ಮಾಡಿ, ಓರೆಯಾಗಿ ಇಟ್ಟ ಪೇಪರಿನ ಮೇಲೆ ಹತ್ತಿರದ ಫೋಕಸ್ ಪರೀಕ್ಷೆ ಮಾಡಿ.

ಮಿರರ್‌ಲೆಸ್‌ಗೆ ಹಾಕೋರಿಗೆ ಇದ್ಯಾವುದೂ ಅನ್ವಯಿಸಲ್ಲ, ಅವರು ಲೆನ್ಸಿನ ಮೂಲಕವೇ ನೋಡ್ತಾರೆ. ಆದರೆ ರೇಂಜ್‌ಫೈಂಡರ್ ಕೊಂಡಿದ್ದು ಯಾಕೆ ನಾವು? ಚಿಕ್ಕದು, ಹಗುರ, ಎದುರಿಗಿರೋರು ಹೆದರಲ್ಲ ಅಂತ ತಾನೇ? ಅದರ ಮೂತಿಗೆ ಫಿರಂಗಿ ಕಟ್ಟಿದರೆ ಆ ಮೂರೂ ಹೋಯ್ತು. ಏನಂತೀರಿ?