ಕೈಪಿಡಿ ಬರೆಯುವವರ ಕೈ ಕಟ್ಟಬೇಡಿ

ಲಿನಕ್ಸ್ ಕರ್ನಲ್‌ನ ದಾಖಲೆಗಳಲ್ಲಿ ಒಂದು ಪಾಲು ಬಹುಕಾಲ ಡಾಕ್‌ಬುಕ್ ಎಂಬ ಎಕ್ಸ್‌ಎಂಎಲ್ ರೂಪದಲ್ಲಿತ್ತು. ಒಂದು ಪ್ಯಾರಾ ಸೇರಿಸಬೇಕಿದ್ದರೂ ಹಿಂದೆ ಮುಂದೆ ಟ್ಯಾಗ್ ಹಾಕಬೇಕು, ಒಂದನ್ನು ಮುಚ್ಚಲು ಮರೆತರೆ ಪುಸ್ತಕವೇ ಸಿದ್ಧವಾಗದು. ಸಾವಿರಾರು ಜನ ಕೋಡ್ ಕಳಿಸುವ ಯೋಜನೆಯಲ್ಲಿ ಇಂಥ ಕಡತ ತಿದ್ದಲು ಯಾರು ತಾನೇ ಮುಂದೆ ಬರುತ್ತಾರೆ?

2016ರಲ್ಲಿ 4.8ನೇ ಆವೃತ್ತಿ ಬರುವಷ್ಟರಲ್ಲಿ ದಾಖಲೆ ವಿಭಾಗದ ಹೊಣೆ ಹೊತ್ತಿದ್ದ ಜೊನಾಥನ್ ಕಾರ್ಬೆಟ್ ಮತ್ತು ಸಂಗಡಿಗರು ದಾರಿ ಬದಲಿಸಿದರು. ಆಸ್ಕಿಡಾಕ್ ಎಂಬ ರೂಪವನ್ನೂ ಪರೀಕ್ಷಿಸಿ ನೋಡಿ, ಕೊನೆಗೆ ರೀಸ್ಟ್ರಕ್ಚರ್ಡ್‌ಟೆಕ್ಸ್ಟ್ ಎಂಬ ಸರಳ ಪಠ್ಯರೂಪ ಮತ್ತು ಅದನ್ನು ಪುಟಗಳಾಗಿಸುವ ಸ್ಫಿಂಕ್ಸ್ ಉಪಕರಣದ ಜೋಡಿಯನ್ನು ಆರಿಸಿಕೊಂಡರು. ಸ್ಫಿಂಕ್ಸ್ ಹುಟ್ಟಿದ್ದು ಪೈಥಾನ್ ದಾಖಲೆಗಳಿಗಾಗಿ. ಪೈಥಾನ್‌ನವರು ಲೇಟೆಕ್ ಬಿಟ್ಟು ರೀಸ್ಟ್ರಕ್ಚರ್ಡ್‌ಟೆಕ್ಸ್ಟ್‌ಗೆ ಬಂದಿದ್ದರು.

ಈ ರೂಪದ ದೊಡ್ಡ ಗುಣವೆಂದರೆ, ಯಾವ ವಿಶೇಷ ತಂತ್ರಾಂಶವೂ ಇಲ್ಲದೆ ಕಡತವನ್ನು ಹಾಗೇ ತೆರೆದು ಓದಬಹುದು. ‘ನುಡಿ’ ತಂತ್ರಾಂಶದ ಹಳೆಯ ಕಡತವನ್ನು ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದು, ಕನ್ನಡದ ಜಾಗದಲ್ಲಿ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಂಡವರಿಗೆ ಇದರ ಬೆಲೆ ಬಿಡಿಸಿ ಹೇಳಬೇಕಿಲ್ಲ.

ಹಾಗೆಂದು ಹೊಸ ರೂಪವೂ ಪೂರ್ತಿ ಹಗುರವಾಗಿರಲಿಲ್ಲ. ಒಂದು ಫಂಕ್ಷನ್ನಿಗೆ ಕೊಂಡಿ ಕೊಡಲು ಅದರ ಹೆಸರಿನ ಮುಂದೆ ಕೋಲನ್, ಸಿ, ಮತ್ತೆ ಕೋಲನ್, ಫಂಕ್, ಇನ್ನೊಂದು ಕೋಲನ್ ಬರೆದು, ಹೆಸರನ್ನು ಬ್ಯಾಕ್‌ಟಿಕ್‌ಗಳ ನಡುವೆ ಇಡಬೇಕಿತ್ತು. ಓದುವವರ ಕಣ್ಣಿಗೆ ಇದು ಕಸ. 2019ರಲ್ಲಿ ಅದಕ್ಕೂ ಮದ್ದು ಸಿಕ್ಕಿತು: ಹೆಸರು ಬರೆದು ಖಾಲಿ ಆವರಣ ಹಾಕಿದರೆ ಸಾಕು, ಕೊಂಡಿಯನ್ನು ಉಪಕರಣವೇ ಹುಡುಕಿ ಜೋಡಿಸುತ್ತದೆ. ಚಿಹ್ನೆಗಳನ್ನು ಮಿತಿಮೀರಿ ಬಳಸಬೇಡಿ ಎಂದು ಕರ್ನಲ್‌ನ ಮಾರ್ಗಸೂಚಿಯೇ ಹೇಳುತ್ತದೆ. ಯಂತ್ರ ಮಾಡಬಲ್ಲ ಕೆಲಸವನ್ನು ಬರೆಯುವವರ ಹೆಗಲಿಗೆ ಹೊರಿಸದಿರುವ ಈ ನಿಲುವು ಎಲ್ಲ ತಂಡಗಳಿಗೂ ಬೇಕು.

ಕರ್ನಲ್‌ನ ಆಚೆ, ಇಂದು ದಾಖಲೆ ಬರೆಯುವ ಹೆಚ್ಚಿನವರ ಮೊದಲ ಆಯ್ಕೆ ಮಾರ್ಕ್‌ಡೌನ್ ಎಂಬ ರೂಪ. 2004ರಲ್ಲಿ ಜಾನ್ ಗ್ರೂಬರ್ ತಂದ ಇದು ಹತ್ತು ನಿಮಿಷದಲ್ಲಿ ಕೈಗೆ ಹತ್ತುತ್ತದೆ. ಆದರೆ ಅದರ ನಿಯಮಗಳು ಸಡಿಲ. ಪಟ್ಟಿಯೊಳಗಿನ ಪಟ್ಟಿಗೆ ಎಷ್ಟು ಜಾಗ ಬಿಡಬೇಕೆಂಬುದರಲ್ಲೂ ತಂತ್ರಾಂಶಗಳಲ್ಲಿ ಒಮ್ಮತವಿರಲಿಲ್ಲ. ಆ ಗೊಂದಲ ಬಗೆಹರಿಸಲೆಂದೇ 2014ರಲ್ಲಿ ಕಾಮನ್‌ಮಾರ್ಕ್ ಎಂಬ ನಿಯಮಾವಳಿ ಬಂತು. ಅಡ್ಡ ಉಲ್ಲೇಖ, ಪದಸೂಚಿಯಂಥ ಸೌಲಭ್ಯಗಳು ಮೂಲ ಮಾರ್ಕ್‌ಡೌನ್‌ನಲ್ಲಿ ಇಲ್ಲ.

ಪರಿಚಯದ ನಾಲ್ಕು ಪುಟಕ್ಕೆ ಮಾರ್ಕ್‌ಡೌನ್ ಧಾರಾಳವಾಗಿ ಸಾಕು. ನೂರಾರು ಪುಟಗಳು ಒಂದಕ್ಕೊಂದು ಹೆಣೆದುಕೊಳ್ಳುವ ಕೈಪಿಡಿಗೆ ಸ್ಫಿಂಕ್ಸ್ ಅಥವಾ ಆಸ್ಕಿಡಾಕ್ ಲೇಸು. ಗಿಟ್‌ನ ಕೈಪಿಡಿಗಳು ಆಸ್ಕಿಡಾಕ್‌ನಲ್ಲೇ ಇವೆ. ಯಾವುದನ್ನೇ ಹಿಡಿಯಲಿ, ಆ ಕಡತ ಕೋಡ್ ಇರುವ ಭಂಡಾರದಲ್ಲೇ ಇರಬೇಕು. ಫಂಕ್ಷನ್ ಬದಲಿಸಿದವರು ಅದರ ವಿವರಣೆಯನ್ನೂ ಅದೇ ಪ್ಯಾಚ್‌ನಲ್ಲಿ ತಿದ್ದಿ ಕಳಿಸಲು ಆಗ ಮಾತ್ರ ಸಾಧ್ಯ.